ಹುಳಕ್ಕೆ ಹಲ್ಲಿಟ್ಟರು

ಹುಳಕ್ಕೆ ಹಲ್ಲು ಇಟ್ಟಿದ್ದರು. ಒಂದಲ್ಲ ಎರಡಲ್ಲ, ಬಾಯಿ ತುಂಬ, ಗರಗಸದ ಥರ. ರಾಯದುರ್ಗದ ಟಾಕೀಸಿನಲ್ಲಿ ಮೊಮ್ಮಗಳ ಪಕ್ಕ ಕೂತು ಅದನ್ನ ನೋಡಿದೆ. ಆ ಹಲ್ಲಿನ ಸಂದಿಯಿಂದ ಹಸಿರು ಲೋಳೆ ಬೇರೆ ಸುರೀತಿತ್ತು. ಮದುವೆಯಾಗಿ ಬಂದಾಗಿಂದ ಮಡಕಶಿರದ ಕಡೆ ನಮ್ಮ ಮನೇಲಿ ರೇಷ್ಮೆ ಹುಳ ಮೇಯಿಸಿದವಳು ನಾನು. ಅಂಗೈ ಮೇಲೆ ಬಿಟ್ಟುಕೊಂಡರೆ ಅದರ ಬಾಯಿ ತಾಗಿದ್ದೇ ಗೊತ್ತಾಗಲ್ಲ, ಕೂಸು ಮುತ್ತು ಕೊಟ್ಟಂಗೆ ಇರುತ್ತೆ. ಅಂಥದಕ್ಕೆ ಹಲ್ಲು ಇಟ್ಟು, ಅದರ ಕೈಲಿ ಮನುಷ್ಯರನ್ನ ತಿನ್ನಿಸಿ, ಟಿಕೆಟ್ ತಗೊಂಡು ನೋಡಿ ಅಂತಾರಲ್ಲ, ಥೂ.

ಆದರೆ ಆವತ್ತು ಆ ಟಾಕೀಸಿನಲ್ಲಿ ನನ್ನಷ್ಟು ಖುಷಿಯಾಗಿದ್ದವರು ಇನ್ನೊಬ್ಬರಿರಲಿಲ್ಲ. ಎರಡೂ ನಿಜ. ಹೆಂಗೆ ಅಂತ ಮೊದಲಿಂದ ಹೇಳಬೇಕು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟವಳು, ಬರೆಯೋದು ನಿಧಾನ. ಆದರೂ ಇದನ್ನ ಬೇರೆಯವರ ಕೈಲಿ ಬರೆಸೋಕೆ ಮನಸ್ಸು ಬರಲಿಲ್ಲ.

ನನ್ನ ಮಗಳನ್ನ ರಾಯದುರ್ಗಕ್ಕೆ ಕೊಟ್ಟಿದ್ದೀವಿ. ಅವಳ ಮನೇಲಿ ಜೀನ್ಸ್ ಪ್ಯಾಂಟು ಹೊಲಿಯೋ ಮಿಷನ್ನುಗಳಿವೆ. ಅವಳ ಮಗಳೇ ಈ ಮೊಮ್ಮಗಳು. ಚಿಕ್ಕವಳಿದ್ದಾಗಿಂದ ಅವಳಿಗೆ ಕಿವಿಯದೇ ಹುಚ್ಚು. ಹೊರಗೆ ಜಗಲಿ ಮೇಲೆ ಆಡ್ತಾ ಇದ್ದವಳು ಒಳಗಿನ ಮಿಷನ್ನಿಗೆ ಎಣ್ಣೆ ಆರಿದೆ ಅಂತ ಕೂಗಿ ಹೇಳೋಳು. ಬೆಳೆದ ಮೇಲೆ ಸಿನಿಮಾಕ್ಕೆ ಸದ್ದು ಹಿಡಿಯೋ ಕೆಲಸ ಕಲಿತಳು. ಹಂಗೂ ಒಂದು ಕೆಲಸ ಇದೆ ಅಂತ ನಮಗೆ ತಿಳಿದದ್ದೇ ಆವಾಗ. ಬಾಗಿಲು ಹಾಕಿದ ಸದ್ದು, ಚಪ್ಪಲಿ ಎಳೆದ ಸದ್ದು, ಎಲ್ಲ ಬೇರೆ ಎಲ್ಲೋ ಹಿಡಿದು ತಂದು ಆಮೇಲೆ ಅಂಟಿಸ್ತಾರಂತೆ.

ಒಂದು ದಿನ ಬೆನ್ನಿಗೆ ಚೀಲ ಏರಿಸಿಕೊಂಡು ನಮ್ಮೂರಿಗೆ ಬಂದಳು. ಬಂದವಳು ನೀರೂ ಕುಡಿಯಲಿಲ್ಲ.

"ಅಜ್ಜಿ, ಹುಳ ಎಷ್ಟನೇ ಜ್ವರದಾಗ ಅದಾವ್ರಿ?"

"ರಾಯದುರ್ಗದೋರ ಥರ ಅಜ್ಜಿಗೂ 'ರಿ' ಹಚ್ಚಬ್ಯಾಡ ಕಣಮ್ಮಿ, ನಾನೇನು ತಹಸೀಲ್ದಾರಾ?" ಅಂದೆ. "ನಾಲ್ಕನೇದು ಎದ್ದವೆ. ಇನ್ನು ಅವುಕ್ಕೆ ಹಬ್ಬದೂಟ."

ಹುಳ ಪೊರೆ ಬಿಡೋ ಮುಂಚೆ ತಿನ್ನೋದು ನಿಲ್ಲಿಸಿ, ತಲೆ ಎತ್ತಿ, ಕಲ್ಲಿನಂಗೆ ಕೂರುತ್ತೆ. ಅದನ್ನ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನೋ ಪರಿ ನೋಡಬೇಕು, ಸೊಪ್ಪು ತಂದು ತಂದು ಸೊಂಟ ಬಿದ್ದೋಗುತ್ತೆ.

ಅವಳ ಮುಖ ಅರಳಿತು. ಆಮೇಲೆ ಕೂತು ಹೇಳಿದಳು. ಯಾವುದೋ ದೇಶದಲ್ಲಿ, ನನ್ನ ಅಜ್ಜಿ ಹುಟ್ಟೋಕೂ ಮುಂಚೆ ಬರೆದ ಒಂದು ಕಾದಂಬರಿ. ನಕ್ಷತ್ರದಾಚೆ ಲೋಕದ ಕತೆ. ಅದನ್ನ ಈಗ ತೆಲುಗಿನಲ್ಲಿ ಸಿನಿಮಾ ಮಾಡ್ತಿದ್ದಾರೆ. ಅದರಲ್ಲೊಂದು ಬೆಟ್ಟದಷ್ಟು ದೊಡ್ಡ ಹುಳ ಇದೆ. ಆ ಹುಳದ ಸದ್ದು ತರೋ ಕೆಲಸ ಇವಳಿಗೆ ಕೊಟ್ಟಿದ್ದಾರೆ.

"ಮೇಲಿನವ್ರು ಹುಲಿ, ಹಂದಿ, ಆನಿ ಎಲ್ಲಾ ಕಲಸಿ ಘರ್ಜನಿ ಮಾಡು ಅಂತಾರ. ನಾ ಒಲ್ಲೆ ಅಂದೀನಿ. ಹುಳದ ಸದ್ದು ಹುಳದ ಹತ್ರಾನ ಐತಿ ಅಂದೀನಿ. ತರಲಿಲ್ಲ ಅಂದ್ರ ನನ್ನ ತೆಗೀತಾರ ಅಜ್ಜಿ. ಕಡೀಕ ಹೆಸರೂ ಹಾಕಂಗಿಲ್ಲ. ಇದು ನನ್ನ ಮೊದಲನೇ ಸಿನಿಮಾ. ಇಲ್ಲೇ ಹೋದ್ರ ಮುಂದ ಯಾರೂ ಕರೆಯಂಗಿಲ್ಲ."

ನಾನು ಸೊಪ್ಪು ಹೆಚ್ಚೋಕೆ ಕೂತೆ. ಅವಳು ಆ ಕಾದಂಬರಿಯ ಕನ್ನಡದ ಪುಸ್ತಕ ತೆಗೆದು ನನಗೆ ಓದಿದಳು. ಎಂಥ ಕತೆ! ಯಾವಾಗಲೂ ಚಳಿಯಿರೋ ಲೋಕ. ಜನಕ್ಕೆ ಹೊದೆಯೋಕೆ ಗತಿಯಿಲ್ಲ, ಆ ದೊಡ್ಡ ಹುಳ ಬಿಡೋ ನೂಲಿಂದಲೇ ಬದುಕು. ಆದರೆ ಅದರ ಹತ್ತಿರ ಹೋಗೋಕೆ ಎಲ್ಲರಿಗೂ ಭಯ. ಒಬ್ಬ ಮುದುಕಿ ಮಾತ್ರ ದಿನಾ ಹೋಗಿ ಸೊಪ್ಪು ಹಾಕಿ ಬರ್ತಾಳೆ. ಒಂದು ದಿನ ಹುಳ ತಿನ್ನೋದು ಬಿಟ್ಟು ತಲೆ ಎತ್ತಿ ನಿಲ್ಲುತ್ತೆ. ನಮ್ಮನ್ನೇ ತಿನ್ನೋಕೆ ನೋಡ್ತಿದೆ ಅಂತ ಊರೋರೆಲ್ಲ ಪಂಜು ಹಚ್ಚಿಕೊಂಡು ಸುಡೋಕೆ ಬರ್ತಾರೆ.

ಮಚ್ಚು ಕೆಳಗಿಟ್ಟು ಕೂಗಿಬಿಟ್ಟೆ. "ಅಯ್ಯೋ, ಅದಕ್ಕೆ ಜ್ವರ ಕಣೇ! ಯಾರಾದರೂ ಹೇಳ್ರೇ ಆ ಮುಂಡೇವಕ್ಕೆ!"

"ಮುದುಕಿನೂ ಅದನ್ನ ಹೇಳ್ತಾಳ ಅಜ್ಜಿ," ಅಂತ ನಕ್ಕಳು. "ಕೇಳ್ರಿ ಮುಂದ."

ಮುದುಕಿ ಪಂಜಿಗೆ ಅಡ್ಡ ನಿಲ್ತಾಳೆ. ಹುಳ ಏಳೋವರೆಗೂ ಅದರ ಪಕ್ಕ ಕೂತಿರ್ತಾಳೆ. ಅದು ಪೊರೆ ಬಿಟ್ಟು, ಕಣ್ಣಿಗೆ ಬಿದ್ದ ಮೊದಲನೇ ಎಲೆ ಕಚ್ಚಿದ್ದನ್ನ ಅವಳು ಓದುವಾಗ ನನಗೆ ಅಳು ತಡೆಯೋಕಾಗಲಿಲ್ಲ. ಬರೆದೋನು ಯಾವ ದೇಶದೋನಾದರೂ ಆಗಲಿ, ಎಲ್ಲೋ ಹುಳದ ಮನೇಲಿ ಕೂತಿದ್ದವನೇ ಇರಬೇಕು.

"ಈ ಮುದುಕಿ ಪಾರ್ಟು ಯಾರು ಮಾಡ್ತಾರೆ?" ಅಂದೆ.

ಪುಸ್ತಕ ಮಡಿಸಿದಳು. "ಸಿನಿಮಾದಾಗ ಮುದುಕಿ ಇಲ್ಲ."

"ಇಲ್ಲ ಅಂದ್ರೆ? ಸತ್ತೋಗ್ತಾಳಾ?"

"ಮೊದಲಿಂದನೂ ಇಲ್ಲ. ಮುದುಕೀನ ಯಾರು ನೋಡ್ತಾರ ಅಂದ್ರು. ಅಕಿ ಬದಲಿ ಒಬ್ಬ ಹೀರೋ ಅದಾನ. ಕೈಯಾಗ ಬೆಂಕಿ ಉಗುಳೋ ಬಂದೂಕು. ಎರಡು ಹಾಡು ಅದಾವ."

ಬಾಯಲ್ಲಿದ್ದ ಎಲೆಅಡಿಕೆ ಒಗರಾಯಿತು. ಎದ್ದು ಹೋಗಿ ಉಗಿದು ಬಂದೆ. ಗಂಜಿಯಿಂದ ಅಗುಳು ತೆಗೆದು ಬರೀ ನೀರು ಬಡಿಸೋರು ಇವರು. ಮುದುಕಿ ಇಲ್ಲದೆ ಆ ಹುಳಕ್ಕೆ ಸೊಪ್ಪು ಯಾರು ಹಾಕಿದರು, ಅಷ್ಟು ದೊಡ್ಡದು ಹೆಂಗಾಯಿತು, ಅದನ್ನಾದರೂ ಯೋಚನೆ ಮಾಡಬೇಡವಾ?

ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ಅವಳನ್ನ ಹುಳದ ಮನೆಗೆ ಕರೆದುಕೊಂಡು ಹೋದೆ. ಮೊಮ್ಮಗಳಾದರೂ ನಮ್ಮ ಕಟ್ಟು ಕಟ್ಟೇ. ಕಾಲು ತೊಳೆಸಿ ಸುಣ್ಣದ ಪುಡಿ ತುಳಿಸಿದೆ. ಕತ್ತು ಮೂಸಿ ನೋಡಿದೆ, ಪೌಡರು ಹಾಕಿದ್ದಳು, ವಾಪಸ್ ಕಳಿಸಿ ಸೋಪಿಲ್ಲದೆ ಮೈ ತೊಳೆಸಿದೆ. ವಾಸನೆ ಸೋಕಿದರೆ ಹುಳ ಬಾಡುತ್ತೆ. ಅವಳು ತಂದಿದ್ದ ಮೈಕಿಗೆ ಮೈತುಂಬ ಕೂದಲಿತ್ತು, ಥೇಟ್ ಕಂಬಳಿಹುಳ. "ಇದನ್ನ ನೋಡಿ ನನ್ನ ಮಕ್ಕಳು ಹೆದರಿದರೆ ನಿನ್ನ ಬಿಡಲ್ಲ," ಅಂದೆ.

"ಅಜ್ಜಿ, ಒಂದೇ ಒಂದು ಮಾತು. ಸುಮ್ಮನಿರಬೇಕು. ನಿಮ್ಮ ಕೈಲಿ ಆಗತೈತೇನು?"

"ನಾನೆಲ್ಲಿ ಮಾತಾಡ್ತೀನಿ?"

ಸೊಪ್ಪು ಹರವಿದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೂಲೆಯಿಂದ ಹನಿ ಬಿದ್ದಂಗೆ. ಆಮೇಲೆ ಇನ್ನೊಂದು ಕಡೆ. ನೋಡ್ತಾ ನೋಡ್ತಾ ಮನೆಯೆಲ್ಲ ಜಡಿಮಳೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಎಲೆ ಮೇಲೆ ಮಳೆ ಹಿಡಿದ ಸದ್ದು. ನಮ್ಮ ಸೀಮೆಗೆ ಅಷ್ಟು ಮಳೆ ಅದೊಂದೇ ಮನೇಲಿ. ನಾನು ಒಂದೊಂದೇ ತಟ್ಟೆಗೆ ಸೊಪ್ಪು ಹಾಕ್ತಾ ಹೋದೆ. ಅವಳು ಕಿವಿಗೆ ಹಾಕಿಕೊಂಡ ಡಬ್ಬಿಗಳನ್ನ ಎರಡೂ ಕೈಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಮೈಕನ್ನ ನನ್ನ ಹಿಂದೆ ಹಿಂದೆಯೇ ತರ್ತಾ ಇದ್ದಳು. ಹೊರಗೆ ಬಂದ ಮೇಲೆ, "ನೋಡಿದೆಯಾ, ತುಟಿ ಬಿಚ್ಚಲಿಲ್ಲ," ಅಂದೆ. ಅವಳು ನನ್ನ ಕೆನ್ನೆ ಹಿಂಡಿದಳು.

ಮಾರನೇ ದಿನವೆಲ್ಲ ಜಗಲಿ ಮೇಲೆ ಲ್ಯಾಪ್‌ಟಾಪು ಬಿಚ್ಚಿಕೊಂಡು ಕೂತಿದ್ದಳು. ನನಗೂ ಕೇಳಿಸೇ ಅಂದರೆ, "ಈಗ ಬ್ಯಾಡ್ರಿ," ಅಂತ ಕೈ ಅಡ್ಡ ಹಿಡೀತಿದ್ದಳು.

ಅವಳು ಹಿಡಿದ ಸದ್ದು ಕೇಳೋಕೆ ಅವಳ ಮೇಲಿನವನು ಕಾರು ಹಾಕಿಕೊಂಡು ಬಂದ. ಇಳಿಯೋ ಮುಂಚೆ ಸೆಂಟಿನ ವಾಸನೆ ಇಳೀತು. ಕಾರಿಂದ ಕಾಲು ಕೆಳಗಿಟ್ಟವನೇ ಕರ್ಚೀಫು ಮೂಗಿಗೆ ಒತ್ತಿಕೊಂಡ.

"ಏನಮ್ಮಾ ಇದು ವಾಸನೆ?"

"ಹುಳದ ಹಿಕ್ಕೆದು ಕಣಪ್ಪ. ನಿನ್ನ ವಾಸನೆ ಯಾತರದು?"

ಮೊಮ್ಮಗಳು ಕಣ್ಣು ದೊಡ್ಡದು ಮಾಡಿದಳು. ನಾನು ಹುಳದ ಮನೆ ಬಾಗಿಲಿಗೆ ಅಡ್ಡ ನಿಂತೆ. ಅವನಿಗೂ ಒಳಗೆ ಬರೋ ಆಸೆ ಇರಲಿಲ್ಲ ಅನ್ನಿ. ಹೊಂಗೆ ಮರದ ಕೆಳಗೆ, ಕಟ್ಟಿದ ಆಡಿಗೆ ಪ್ಯಾಂಟು ತಾಗದಂಗೆ ಒಂದು ಕಡೆ ನಿಂತು, ಅವಳು ಕೊಟ್ಟ ಡಬ್ಬಿಗಳನ್ನ ಕಿವಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮೂತಿ ಸೊಟ್ಟಗೆ ಮಾಡಿದ.

"ಇದು ಮಳೆ ಸದ್ದು. ಇದಕ್ಕೆ ಇಷ್ಟು ದೂರ ಬಂದೆನಾ? ನಾನು ಹೇಳಿದ್ದು ಘರ್ಜನೆ."

"ಸ್ವಲ್ಪ ತಡೀರಿ ಸರ್," ಅಂದಳು. ಇವನು ಕಿವಿಯಿಂದ ಅದನ್ನ ತೆಗೆದು ಕೊಟ್ಟರೆ ನನ್ನ ಕೂಸಿನ ಕತೆ ಮುಗೀತು.

ತೆಗೆಯೋಕೆ ಎತ್ತಿದ ಕೈ ಅಲ್ಲೇ ನಿಂತಿತು. ಕರ್ಚೀಫು ಕೆಳಗೆ ಬಿತ್ತು. ಹುಳದ ಮನೆ ಕಡೆ ತಿರುಗಿ ನೋಡಿದ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಆಡಿನ ಹಗ್ಗ ಕಾಲಿಗೆ ಸಿಕ್ಕಿಕೊಂಡಿತು.

"ಇದನ್ನ ಇಟ್ಕೋ," ಅಂದ. "ಹೆಸರಿನ ಮಾತು ಆಮೇಲೆ ನೋಡೋಣ."

ಕಾರು ಹೋದ ಮೇಲೆ ಕೇಳಿದೆ, "ಏನೇ ಕೇಳಿಸಿದೆ ಅವನಿಗೆ? ಪುಕ್ಕಲ, ಬೆವರಿಬಿಟ್ಟ."

"ಹುಳದ ಮನಿಯಾಗಿನ ಸದ್ದರಿ." ಬೇರೆ ಕಡೆ ನೋಡಿದಳು. "ಟಾಕೀಸಿನಾಗ ಕೇಳೀರಂತ."

ಆಮೇಲೆ ಎಷ್ಟೋ ಹುಳದ ಬೆಳೆ ಗೂಡು ಕಟ್ಟಿ ಹೋದವು. ನಾನಂತೂ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಅಗಳಿ ಬಸ್ಸಿನ ಕಂಡಕ್ಟರು ನನ್ನ ನೋಡಿದರೆ ಸಾಕು, "ಅಜ್ಜಿ, ಹುಳದ ಸಿನಿಮಾ ಬಂತಾ?" ಅಂತಿದ್ದ. ಕೊನೆಗೆ ಬಂತು. ರಾಯದುರ್ಗಕ್ಕೆ ಹೋದೆ. ಮಗಳು ಮಿಷನ್ನುಗಳಿಗೆಲ್ಲ ರಜ ಕೊಟ್ಟು, ಪ್ಯಾಂಟು ಹೊಲಿಯೋ ಹೆಂಗಸರನ್ನೆಲ್ಲ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಬಂದಳು. ಮೊಮ್ಮಗಳು ಬೆಳಗಿಂದ ಊಟ ಮುಟ್ಟಿರಲಿಲ್ಲ. ಹೆಸರು ಹಾಕಿದ್ದಾರೋ ಇಲ್ಲವೋ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ.

ಏನು ಬರೆಯಲಿ ಆ ಸಿನಿಮಾ ಬಗ್ಗೆ! ಚಳಿಯ ಲೋಕ ಅಂತ ಇದ್ದದ್ದನ್ನ ಕೆಂಪು ಮಣ್ಣಿನ ಗುಂಡಿ ಮಾಡಿದ್ದರು. "ಏ, ಇದು ನಮ್ಮ ಓಬಳಾಪುರದ ಗಣಿ ಇದ್ದಂಗ ಐತಲ್ಲೇ!" ಅಂತ ಹಿಂದಿನಿಂದ ಒಬ್ಬಳು ಕೂಗಿದಳು, ಎಲ್ಲ ನಕ್ಕರು. ಚಳಿಗೆ ನೂಲು ಬೇಕು ಅನ್ನೋ ಕತೆ, ಹೀರೋಯಿನ್ ಅಂತ ಒಬ್ಬಳನ್ನ ತಂದಿದ್ದರು, ಅವಳ ಮೈಮೇಲೆ ನೂಲೇ ಇಲ್ಲ. ಆಮೇಲೆ ಬಂತು ಆ ಹಲ್ಲಿನ ಹುಳ, ಲೋಳೆ ಸುರಿಸಿಕೊಂಡು. ಸೆರಗು ಬಾಯಿಗಿಟ್ಟುಕೊಂಡೆ.

ಹೀರೋ ಒಂದು ಗವಿಗೆ ಹೋದ. ಕತ್ತಲಾಯಿತು. ಎಲ್ಲೋ ಮೂಲೆಯಿಂದ ಹನಿ ಬಿದ್ದಂಗೆ. ಇನ್ನೊಂದು ಕಡೆಯಿಂದ. ಆಮೇಲೆ ಟಾಕೀಸಿಗೆ ಟಾಕೀಸೇ ಜಡಿಮಳೆ. ನನ್ನ ಮೈ ಜುಂ ಅಂತು. ನನ್ನ ಮನೆ! ಮಗಳ ತೊಡೆ ಗಿಲ್ಲಿದೆ. ಅಷ್ಟರಲ್ಲಿ ಆ ಮಳೆಯ ಕೆಳಗಿಂದ ಒಂದು ದನಿ ಬಂತು. ಬಾವಿಯೊಳಗಿಂದ ಎಳೆದಂಗೆ, ದಪ್ಪ, ನಿಧಾನ, ಇದು ಮಾತೋ ಉಸಿರೋ ತಿಳಿಯದಂಗೆ. ಜನ ಕಿಟಾರನೆ ಕಿರುಚಿದರು. ಜೀನ್ಸ್ ಹೊಲಿಯೋಳೊಬ್ಬಳು ಕುರ್ಚಿ ಮೇಲೆ ಕಾಲು ಎತ್ತಿಕೊಂಡಳು. ಮಗಳು ನನ್ನ ತೋಳಿಗೆ ಮುಖ ಒತ್ತಿದಳು.

ನಾನು ಮಾತ್ರ ಅಲ್ಲಾಡಲಿಲ್ಲ. ಆ ದನಿ ಏನು ಹೇಳ್ತಿದೆ ಅಂತ ನನಗೊಬ್ಬಳಿಗೇ ತಿಳೀತಿತ್ತು. ತಿನ್ನು ನನ್ನವ್ವ. ಹೊಟ್ಟೆ ತುಂಬ ತಿನ್ನು. ಹೂಂ, ನನ್ನ ಕಂದ, ತಿನ್ನು.

ನನ್ನದೇ ದನಿ. ತುಟಿ ಬಿಚ್ಚಲಿಲ್ಲ ಅಂದುಕೊಂಡಿದ್ದೆನಲ್ಲ, ಬಾಯಿ ಅದರ ಪಾಡಿಗೆ ಅದು ಹೇಳಿಕೊಂಡೇ ಹೋಗಿತ್ತು. ಪ್ರತಿ ತಟ್ಟೆಗೂ ಹೇಳ್ತೀನಂತೆ, ಮೊದಲಿಂದಲೂ, ಆಮೇಲೆ ಮಗಳು ಹೇಳಿದ್ದು. ಅದನ್ನ ರಬ್ಬರಿನ ಥರ ಎಳೆದು ಇಟ್ಟಿದ್ದಳು ಇವಳು.

ಪಕ್ಕಕ್ಕೆ ತಿರುಗಿದೆ. ಮೊಮ್ಮಗಳು ಪರದೆ ನೋಡ್ತಿರಲಿಲ್ಲ, ನನ್ನ ಮುಖವನ್ನೇ ನೋಡ್ತಿದ್ದಳು.

"ನನ್ನನ್ನ ರಾಕ್ಷಸಿ ಮಾಡಿದೆಯೇನೇ?" ಅಂದೆ ಅವಳ ಕಿವಿಯಲ್ಲಿ.

"ಮುದುಕೀನ ಹೊರಗ ಹಾಕಿದ್ರಲ್ಲ ಅಜ್ಜಿ," ಅಂದಳು. "ನಾ ಒಳಗ ತಂದೀನಿ. ಅವ್ರಿಗೆ ಗೊತ್ತಿಲ್ಲ."

ಅವಳ ಕೈ ಹಿಡಿದುಕೊಂಡೆ, ಐಸಿನಂಗೆ ಇತ್ತು. ಅಷ್ಟರಲ್ಲಿ ಪರದೆ ಮೇಲೆ ಹುಳ ತಲೆ ಎತ್ತಿ ಸುಮ್ಮನೆ ನಿಂತಿತು. ಹೀರೋ ಬಂದೂಕು ಎತ್ತಿದ. "ಅಯ್ಯೋ ಪಾಪಿ, ಜ್ವರ ಕಣೋ ಅದಕ್ಕೆ!" ಅಂತ ಎದ್ದು ನಿಂತು ಕೂಗಿದೆ. ಇಡೀ ಟಾಕೀಸು ಗೊಳ್ ಅಂತು. ಅವನು ಸುಟ್ಟೇ ಬಿಟ್ಟ. ಮುಖ ತಿರುಗಿಸಿಕೊಂಡೆ. ಸುಟ್ಟ ಮೇಲೆ, ಎರಡು ಸಾಲದು ಅಂತ, ಮೂರನೇ ಹಾಡು ಬೇರೆ, ಆ ಬೂದಿ ಮೇಲೆ ಕುಣೀತಾರೆ. ಇಂಥ ಹೊಲಸನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ.

ಹಾಡು ಮುಗಿಯೋದರೊಳಗೆ ಲೈಟು ಹಾಕಿ ಬಾಗಿಲು ತೆಗೆದರು. ಪರದೆ ಮೇಲೆ ಹೆಸರುಗಳು ಇರುವೆ ಸಾಲಿನಂಗೆ ಏರೋಕೆ ಶುರುವಾಗಿದ್ದವು, ಜನ ಆಗಲೇ ಚಪ್ಪಲಿ ಹುಡುಕ್ತಿದ್ದರು. ಮೊಮ್ಮಗಳು ಎದ್ದು ನಿಂತಿದ್ದಳು, ಉಸಿರೇ ಇಲ್ಲ.

"ಲೈಟು ಆರಿಸಯ್ಯಾ!" ಅಂತ ಬಾಗಿಲವನಿಗೆ ಕೂಗಿದೆ. "ನನ್ನ ಮೊಮ್ಮಗಳ ಹೆಸರು ಬರಬೇಕು!"

"ಸಿನಿಮಾ ಮುಗೀತು ಅವ್ವಾ, ಹೊರಡ್ರಿ."

"ನಿಂದು ಮುಗೀತು, ನಮ್ದು ಈಗ ಶುರು."

ಜೀನ್ಸಿನ ಹೆಂಗಸರೆಲ್ಲ ನನ್ನ ಜೊತೆ ಸೇರಿಕೊಂಡು ಕೂಗಿದರು. ಅವನು ಬೈಕೊಂಡೇ ಲೈಟು ಆರಿಸಿದ. ಹೆಸರು ಏರ್ತಾನೇ ಇದ್ದವು, ಸಣ್ಣ ಅಕ್ಷರ, ನಾನು ಒಂದು ಹಿಡಿಯೋದರೊಳಗೆ ಹತ್ತು ಓಡಿ ಹೋಗ್ತಿದ್ದವು. ಏರಿ ಏರಿ ಇನ್ನೇನು ಮುಗೀತು ಅನ್ನೋವಾಗ ನನ್ನ ಮಗಳು "ಅದಾ! ಅದಾ!" ಅಂತ ಕುಣಿದಳು. ಮೊಮ್ಮಗಳು ಮಾತ್ರ ಬಾಯಿ ಮುಚ್ಚಿಕೊಂಡು ಕುರ್ಚಿಗೆ ಕುಸಿದಳು. ನನಗೆ ಕಂಡದ್ದು ಕೊನೇ ಎರಡು ಅಕ್ಷರ ಅಷ್ಟೇ, ಪರದೆ ಮೇಲಕ್ಕೆ ಹೋಗಿ ಮಾಯವಾಯಿತು. ಇತ್ತು. ಇವಳ ಹೆಸರು ಇತ್ತು.

ಹೊರಗೆ ಬಂದು ಮೂವರೂ ಸೋಡಾ ಕುಡಿದೆವು. ಬೀದಿಯವರಿಗೆಲ್ಲ ಕೇಳಲಿ ಅಂತಲೇ ಜೋರಾಗಿ ಹೇಳಿದೆ, "ಇನ್ನೊಂದು ಸಲ ನೋಡಾಣ."

"ಅಸಹ್ಯ, ಹೊಲಸು ಅಂತಿದ್ದೆಯಲ್ಲಮ್ಮಾ!" ಅಂದಳು ಮಗಳು.

"ಅಸಹ್ಯವೇ. ಯಾರು ಅಲ್ಲ ಅಂದರು? ಟಿಕೆಟ್ ತಗೊ."

ಸಂಜೆ ಆಟಕ್ಕೆ ಮತ್ತೆ ಒಳಗೆ ಹೋದೆವು. ಈ ಸಲ ಸಿನಿಮಾ ಶುರುವಾದ ಕೂಡಲೇ ನಾನು ಕಣ್ಣು ಮುಚ್ಚಿದೆ. ಹಲ್ಲೂ ಇಲ್ಲ, ಲೋಳೆಯೂ ಇಲ್ಲ. ಮಳೆ ಬರೋದನ್ನ ಕಾಯ್ತಾ ಕೂತೆ. ನನ್ನ ಈ ಕಡೆ ಕುರ್ಚಿಯಲ್ಲಿ ಯಾರೋ ಗಂಡಸು ಹೆಂಡತಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು, "ಪಾಪ, ಮುದುಕಿ ಹೆದರ್ಯಾಳ ನೋಡು, ಕಣ್ಣ ತೆಗೆಯವಲ್ಲಳು." ಆಮೇಲೆ ನನ್ನ ಕಡೆ ಬಾಗಿ, "ಹೆದರಬ್ಯಾಡವ್ವಾ, ಅದೆಲ್ಲ ಸುಳ್ಳು," ಅಂದ.

"ಹೂಂ ಕಣಪ್ಪ," ಅಂದೆ. ಅಷ್ಟು ಹೊತ್ತಿಗೆ ಮೂಲೆಯಿಂದ ಮೊದಲನೇ ಹನಿ ಬಿತ್ತು.