ಬಾಗಿಲಲ್ಲಿ ನಿಂತು ತಟ್ಟಿದ ರೊಟ್ಟಿ

ನನ್ನ ಮೊಮ್ಮಗಳು ಭೂಮಿಕಾಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಸವಿತಾ ಟೀಚರ್. ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಅಲ್ಲ — ಕೇಳಿಸುತ್ತದೆ ಎಂದು ನಿಮ್ಮನ್ನು ನಂಬಿಸಿದೆ.

ಮನೆಯಲ್ಲಿ ಹಿಂದಿನಿಂದ ಕರೆದರೆ ಅವಳು ತಿರುಗುತ್ತಿರಲಿಲ್ಲ. ಕಾಲಲ್ಲಿ ನೆಲ ಗುದ್ದಿ ಕರೆಯುತ್ತಿದ್ದೆ. ಅದರ ಅರ್ಥ ತಿಳಿಯದಷ್ಟು ದಡ್ಡಿಯೇನಲ್ಲ ನಾನು. ಆದರೆ ಊರವರು ‘ಕಿವುಡಿ’ ಅಂದುಬಿಟ್ಟರೆ — ನಮ್ಮ ಮನೆತನದಲ್ಲಿ ಅಂಥದ್ದಿಲ್ಲವಲ್ಲ! ಥೂ, ಮನೆತನವಂತೆ. ಎರಡಂಕಣದ ಮನೆಗೆ ಎಷ್ಟು ಸೊಕ್ಕು.

ಆಗ ಗುಬ್ಬಿ ಪಕ್ಕದ ನಮ್ಮೂರ ಅಂಗನವಾಡಿಯಲ್ಲಿ ನೀವು ಟೀಚರ್, ನಾನು ಅಡುಗೆ ಮಾಡುವ ಸಹಾಯಕಿ. ತುಮಕೂರಿನ ತರಬೇತಿಯಿಂದ ನೀವು ಹೊಸ ಪದ್ಧತಿ ತಂದಿರಿ. ಮಗುವನ್ನು ಒಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯಬೇಕು. ಹೇಳಿಕೊಡಬಾರದು, ಸನ್ನೆ ಮಾಡಬಾರದು. ಕಾದರೂ ಮಗು ಮಾತಾಡದಿದ್ದರೆ ತೊಂದರೆ ಎಲ್ಲಿದೆ ಎಂದು ಹುಡುಕಬೇಕು — ಎಷ್ಟೋ ಮಕ್ಕಳನ್ನು ನೋಡಿ ಕಂಡುಕೊಂಡದ್ದು ಎಂದಿರಿ. ನಾನು ಸೌಟು ಹಿಡಿದು ನಕ್ಕೆ.

“ಕಾಯೋಕೂ ಸಂಬಳ ಕೊಡ್ತಾರಾ ಟೀಚರಮ್ಮ? ಹಂಗಾದ್ರೆ ನಮ್ಮೂರ್ ಎಮ್ಮೆ ಕಾಯೋನ್ನೂ ಮೇಷ್ಟ್ರು ಮಾಡ್ಬುಡಿ!”

ನಿಮಗೆ ಭೂಮಿಕಾಳ ಮೇಲೆ ಅನುಮಾನ ಬಂದಿತ್ತು. ನಿಮ್ಮ ಪಾಠ ನೋಡಿ ಸಲಹೆ ಕೊಡಲು ಬರುತ್ತಿದ್ದ ಮೇಡಂಗೂ ಹೇಳಿದಿರಿ. ಅವರು ನಿಮ್ಮ ಪಕ್ಕದಲ್ಲೇ ಕೂತರು. ನೀವು ಕೇಳಿದಿರಿ, “ಬೆಳಿಗ್ಗೆ ಏನ್ ತಿಂದೆ ಪುಟ್ಟಿ?” ಕಾದಿರಿ. ಮಗು ಪಿಳಿಪಿಳಿ ನೋಡಿತು. ನಿಮ್ಮಿಬ್ಬರ ಬೆನ್ನ ಹಿಂದೆ, ಅಡುಗೆಮನೆ ಬಾಗಿಲಲ್ಲಿ, ನಾನು ರೊಟ್ಟಿ ತಟ್ಟುವಂತೆ ಕೈಯಾಡಿಸಿದೆ.

“ಲೊಟ್ಟಿ!”

ನಿಮ್ಮ ಮುಖ ಅರಳಿತು. “ರಂಗಜ್ಜಿ, ನೋಡಿದ್ರಾ! ಕಾದಿದ್ದಕ್ಕೆ ಬಂತು ಕಣ್ರೀ!”

“ಮಾತು ಸ್ವಲ್ಪ ನಿಧಾನ ಅಷ್ಟೆ. ಕಿವಿ ತೋರ್ಸೋದೇನೂ ಬೇಡ ಬಿಡಿ,” ಎಂದರು ಮೇಡಂ.

ಗೆದ್ದೆ ಅಂದುಕೊಂಡೆ. ಎಂಥ ಗೆಲುವು — ಒಂದನೇ ಕ್ಲಾಸಿನಲ್ಲಿ ಅವಳನ್ನು ದಡ್ಡಿ ಎಂದು ಕೊನೆಯ ಸಾಲಿಗೆ ತಳ್ಳಿದರು. ಇನ್ನಷ್ಟು ಕೇಳಿಸದಂತೆ. ಎರಡನೇ ಕ್ಲಾಸಿನಲ್ಲಿ ತುಮಕೂರಿನ ಬಟವಾಡಿಯಲ್ಲಿರುವ ಕಿವಿ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದರು, “ಅಂಗನವಾಡೀಲೇ ಯಾರೂ ಗಮನಿಸ್ಲಿಲ್ವಾ?”

“ಆ ಟೀಚರ್‌ಗೆ ಕಣ್ಣೇ ಇರ್ಲಿಲ್ಲ ಬುಡಿ ಸಾರ್,” ಎಂದ ನನ್ನ ಮಗ.

ನಾನು ಪಕ್ಕದಲ್ಲೇ ಕೂತಿದ್ದೆ. ಸೆರಗು ಸರಿಮಾಡಿಕೊಂಡೆ. ಊರೆಲ್ಲ ನಿಮ್ಮನ್ನು ಬೈದಾಗಲೂ — ಊಂಗುಟ್ಟಿದೆ. ನೀವು ಊರೇ ಬಿಟ್ಟು ಕುಣಿಗಲ್ ಕಡೆ ಹೋದಿರಿ.

ಮಗನಿಗೆ ನಿನ್ನೆ ಎಲ್ಲ ಹೇಳಿದೆ. ಅವನು ಬಾಯಿಗೆ ಬಂದಂತೆ ಬೈದ. ಹೇಳಿದ್ದು ಧೈರ್ಯದಿಂದಲ್ಲ, ಭೂಮಿಕಾ ಕೇಳಿದ್ದರಿಂದ. ಈಗ ಅವಳ ಕಿವಿಗೆ ಮಿಷನ್ ಇದೆ.

“ಅಜ್ಜಿ, ಅವಾಗ ಬಾಗ್ಲಲ್ ನಿಂತ್ಕೊಂಡು ಯಾಕೆ ರೊಟ್ಟಿ ತಟ್ತಿದ್ದೆ?”

ಕೇಳಿ ಸುಮ್ಮನೆ ಕಾದಳು, ನಿಮ್ಮ ಹಾಗೆಯೇ. ನನಗೆ ಸನ್ನೆ ಮಾಡುವವರು ಯಾರೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎದ್ದು ಹೊರಟಳು. ಹಿಂದಿನಿಂದ ಕರೆದೆ.

ಕೇಳಿಸಿತು. ತಿರುಗಲಿಲ್ಲ.