ಹಸಿ ಹಾಳೆಯ ಕೈಗವಸು

ನಮ್ಮ ಬೆಳ್ಳಪ್ಪ ಚಿಕ್ಕಪ್ಪ ದಾರಿಯಲ್ಲಿ ಹುಲಿ ಹೆಜ್ಜೆ ಕಂಡರೂ ಬೀಡಿ ಹಚ್ಚಿಕೊಂಡು ಮುಂದೆ ಹೋಗುವ ಆಸಾಮಿ. ಚಳಿಗೆ ಮಾತ್ರ ಹೆದರುತ್ತಿದ್ದ. ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ಕಾಗದಪತ್ರ ಹೊತ್ತು ಹೊಸನಗರ, ಸಾಗರ ಅಂತ ಮೋಟಾರ್ ಸೈಕಲ್ಲಿನಲ್ಲಿ ತಿರುಗುವುದು ಅವನ ಕೆಲಸ. ಹಿಂದಿನ ವರ್ಷ ಪುಷ್ಯಮಾಸದಲ್ಲಿ ಬೆರಳು ಮರಗಟ್ಟಿ, ಬ್ರೇಕು ಹಿಡಿಯಲಾಗದೆ ಚರಂಡಿಗೆ ಬಿದ್ದಿದ್ದ. ಅಂದಿನಿಂದ ಗಾಡಿ ಹತ್ತುವ ಮೊದಲು ಹತ್ತು ಸಲ ಬೆರಳು ಮಡಿಸಿ ಬಿಡಿಸಿ ನೋಡುತ್ತಿದ್ದ.

ಸಾವಿರದ ಒಂಬೈನೂರ ಅರವತ್ತಾರರ ಜನವರಿ. ಮೇಳಿಗೆಯ ಮನೆಯಲ್ಲಿ ಚಿಕ್ಕಮ್ಮ ಗುತ್ಯಮ್ಮನಿಗೆ ಬೆಳಗಿನ ಜಾವ ನೋವು ಶುರುವಾಯಿತು. ಮೊದಲಿನ ಎರಡು ಮಕ್ಕಳು ದಕ್ಕಿರಲಿಲ್ಲ. ಈ ಸಲ ಸೂಲಗಿತ್ತಿ ಬಂಗಾರಮ್ಮನನ್ನು ತೀರ್ಥಹಳ್ಳಿಯಿಂದ ಕರೆತರಲೇಬೇಕು. ಗಾಳಿ ಕೈಗೆ ಬಡಿಯದಿರಲೆಂದು ಚಿಕ್ಕಪ್ಪ ಎರಡು ಅಡಿಕೆ ಹಾಳೆ ನೆನೆಸಿ, ಹ್ಯಾಂಡಲ್ಲಿನ ಸುತ್ತ ಬಗ್ಗಿಸಿ, ಹುರಿಯಿಂದ ಬಿಗಿದ.

"ಒಣಗಿದ್ಮೇಲೆ ಮುದುರ್ಕಂತದೆ ಕಣೋ," ಎಂದಳು ಅಜ್ಜಿ. ಹಾಳೆ ಟೋಪಿ ಕಟ್ಟುವುದರಲ್ಲಿ ಪಳಗಿದ ಕೈ ಅವಳದು. ಇವನು ಕೇಳಿದರೆ ತಾನೆ?

ಹೋಗುವಾಗ ಕೈ ಬೆಚ್ಚಗಿತ್ತು. ಬಂಗಾರಮ್ಮ ಇನ್ನೊಂದು ಮನೆಯ ಬಾಣಂತಿಯನ್ನು ನೋಡಿ ಬರುವಷ್ಟರಲ್ಲಿ ಬಿಸಿಲೇರಿತು. ಗಾಡಿ ಬಿಸಿಲಲ್ಲೇ ನಿಂತಿತ್ತು. ಹೊರಡುವಾಗ ಹಾಳೆಯೊಳಗೆ ಕೈ ಹಾಕಿದರೆ ಬಿಗಿ. ಅವಸರದಲ್ಲಿ ಒತ್ತಿ ತೂರಿಸಿದ.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಹಿಂದಕ್ಕೆ ತಿರುಗಲಿಲ್ಲ. ಹಾಳೆ ಅದನ್ನೂ ಕೈಯನ್ನೂ ಸೇರಿಸಿ ಕಚ್ಚಿ ಹಿಡಿದಿತ್ತು. ಕಾಲಿನ ಬ್ರೇಕು ತುಳಿದ. ವೇಗ ಅಷ್ಟೇನೂ ತಗ್ಗಲಿಲ್ಲ. ಮುಂದೆ ತಿರುವು, ಅದರಾಚೆ ಕೊರಕಲು. ಹಿಂದೆ ಕೂತವಳು ಸತ್ತರೆ ಮನೆಯಲ್ಲಿ ಇನ್ನೆರಡು ಜೀವ ಹೋಗುತ್ತವೆ ಎಂಬುದೊಂದೇ ಅವನ ತಲೆಯಲ್ಲಿತ್ತಂತೆ. ಅಂಥ ಭಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ ಎನ್ನುತ್ತಿದ್ದ.

"ಹುರಿ ಕೊಯ್ಯಿ ಬಂಗಾರಕ್ಕ! ಕೈ ಬರ್ತಿಲ್ಲ!"

ಬಂಗಾರಮ್ಮ ಹೊಕ್ಕುಳಬಳ್ಳಿ ಕೊಯ್ಯುವ ಬ್ಲೇಡನ್ನು ಚೀಲದಿಂದ ತೆಗೆದು, ಅವನ ತೋಳಿನಡಿ ಕೈ ಚಾಚಿ ಹುರಿ ಕೊಯ್ದಳು. ಹಾಳೆ ಸಿಡಿದು ಬಿತ್ತು. ಗಾಡಿ ತಿರುವಿನ ಅಂಚಿಗೆ ಬಂದು ನಿಂತಿತು.

ಮನೆ ಮುಟ್ಟಿದಾಗ ಒಳಗೆ ಸದ್ದೇ ಇರಲಿಲ್ಲ. ಬಂಗಾರಮ್ಮ ಓಡಿದಳು. ಚಿಕ್ಕಪ್ಪನಿಗೆ ಗಾಡಿಯಿಂದ ಇಳಿಯುವ ಧೈರ್ಯವೇ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮಗುವಿನ ಅಳು ಕೇಳಿತು. ಆಗಲೂ ಹ್ಯಾಂಡಲ್ ಹಿಡಿದೇ ಕೂತಿದ್ದ. ಅಜ್ಜಿ ಹೊರಗೆ ಬಂದು, ಆ ಸುಡುಬಿಸಿಲಿನಲ್ಲಿ, ಸೆಟೆದುಕೊಂಡಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇಬ್ರೂ ಉಳ್ಕಂಡ್ರು ಕಣೋ. ಬಿಡು ಮಗಾ, ಇನ್ನಾದ್ರೂ ಬಿಡು."