ಚಿಕ್ಕಪ್ಪನ ಬಲಗಾಲಿನ ಕೆಂಪು ಪಟ್ಟಿ

ಆಗೆಲ್ಲ ನಮ್ಮ ಸಾದಲಿಯಲ್ಲಿ ದೊಡ್ಡ ಫುಟ್ಬಾಲ್ ಆಟವನ್ನು ಕಣ್ಣಾರೆ ಕಂಡವರು ಕಡಿಮೆ, ಅದರ ಬಗ್ಗೆ ಹೇಳುವವರು ಮಾತ್ರ ಊರ ತುಂಬ. ರೇಡಿಯೋ ಇದ್ದದ್ದು ಪಟೇಲರ ಮನೆಯಲ್ಲೊಂದೇ, ಅದೂ ಮಾತಾಡುವುದಕ್ಕಿಂತ ಗೊರಗುಟ್ಟುವುದೇ ಹೆಚ್ಚು. ಹಾಗಾಗಿ ಯಾವ ಆಟಗಾರನ ಕಾಲಿಗೆ ಎಷ್ಟು ಬಲ, ಯಾರ ಓಟ ಎಷ್ಟು ಜೋರು ಎಂಬುದನ್ನು ನಾವೇ ತೀರ್ಮಾನ ಮಾಡುತ್ತಿದ್ದೆವು. ಧಾರಾಳವಾಗಿಯೇ ಮಾಡುತ್ತಿದ್ದೆವು.

ಹತ್ತು ಹನ್ನೊಂದು ವರ್ಷದ ಹುಡುಗಿಯಾದರೂ ಈ ವಿಷಯದಲ್ಲಿ ನನ್ನ ಮಾತಿಗೆ ಎದುರಿರಲಿಲ್ಲ. ಏಕೆಂದರೆ ಅಶ್ವತ್ಥ ಚಿಕ್ಕಪ್ಪ ನಮ್ಮಪ್ಪನ ತಮ್ಮ. ಬೆಂಗಳೂರಿನ ಒಂದು ಬಟ್ಟೆ ಗಿರಣಿಯವರು ಅವನನ್ನು ಕೆಲಸಕ್ಕೆ ಸೇರಿಸಿಕೊಂಡದ್ದೇ ತಮ್ಮ ತಂಡದಲ್ಲಿ ಆಡಲಿ ಎಂದು. ಅವನು ಒದ್ದ ಚೆಂಡು ಗಿರಣಿಯ ಹೊಗೆ ಕೊಳವೆಯನ್ನು ದಾಟಿ, ಮಸಿ ಮೆತ್ತಿಕೊಂಡು ಕರ್ರಗೆ ಕೆಳಗೆ ಬಿದ್ದಿತ್ತು. ಚಿಕ್ಕಬಳ್ಳಾಪುರದಲ್ಲಿ ರೈಲು ತಪ್ಪಿಹೋದಾಗ ಹಳಿಯ ಪಕ್ಕದಲ್ಲೇ ಓಡಿ, ಶಿಡ್ಲಘಟ್ಟಕ್ಕೆ ಮೊದಲೇ ತಲುಪಿ, ಅದೇ ರೈಲು ಬರುವುದರೊಳಗೆ ಒಂದು ಸೇರು ಕಡಲೆಕಾಯಿ ಸುಲಿದು ತಿಂದಿದ್ದ. ಎರಡನೆಯದನ್ನು ನಾನು ಈಗಲೂ ಪೂರ್ತಿ ಬಿಟ್ಟುಕೊಡುವುದಿಲ್ಲ. ಆ ಪುಟ್ಟ ರೈಲಿನ ವೇಗ ಕಂಡವರು ನನ್ನ ಪರವಾಗಿಯೇ ಮಾತಾಡುತ್ತಾರೆ.

ಆ ಬೇಸಿಗೆಯಲ್ಲಿ ಕೆರೆ ಪೂರ್ತಿ ಬತ್ತಿತ್ತು. ಕೆರೆಯಂಗಳದಲ್ಲಿ ನಮ್ಮೂರ ಹುಡುಗರು ಬೆಳಿಗ್ಗೆ ಸಂಜೆ ಚೆಂಡಾಡುತ್ತಿದ್ದರು. ಆಡಿದ್ದು ಸಾಲದೆಂದು ಸಂತೆಯಲ್ಲಿ ಸಿಕ್ಕ ಚಿಂತಾಮಣಿಯ ತಂಡದವರ ಹತ್ತಿರ ಪಂಥ ಕಟ್ಟಿ ಬಂದರು. "ಅಮಾವಾಸ್ಯೆ ಕಳೆದ ಭಾನುವಾರ ಬನ್ರೋ. ನಮ್ಮ ಅಶ್ವತ್ಥಣ್ಣ ರಜಕ್ಕೆ ಬರ್ತವ್ನೆ. ಗಂಡಸರಾದ್ರೆ ಅವನ ಮುಂದೆ ನಿಂತ್ಕೊಳಿ!"

ಚಿಕ್ಕಪ್ಪ ಬಂದ ದಿನ ಅರ್ಧ ಊರೇ ಬಸ್ಸಿನ ಹತ್ತಿರ ಇತ್ತು. ಅವನು ಬಾಗಿಲ ಕಂಬಿ ಹಿಡಿದು, ಎಡಗಾಲು ಮೊದಲು ಊರಿ, ಆಮೇಲೆ ಮೆಲ್ಲಗೆ ಬಲಗಾಲು ಇಳಿಸಿದ. ಹುಡುಗರು ಟ್ರಂಕು ಕಿತ್ತುಕೊಳ್ಳುವ ಗಲಾಟೆಯಲ್ಲಿದ್ದರು, ಯಾರೂ ಗಮನಿಸಲಿಲ್ಲ. ಅಜ್ಜಿ ಗಮನಿಸಿದಳು.

ನಮ್ಮದು ತುಂಬಿದ ಮನೆ, ಗುಟ್ಟು ಮಾತಾಡಲು ಮೂಲೆ ಇರಲಿಲ್ಲ. ಇದ್ದದ್ದು ರೇಷ್ಮೆ ಹುಳುವಿನ ಕೋಣೆಯೊಂದೇ. ಸ್ನಾನ ಮಾಡದೆ ಯಾರೂ ಅದರ ಹೊಸಲು ದಾಟುವಂತಿಲ್ಲ, ಬೀಡಿ ಸೇದಿದವರು ಹತ್ತಿರವೂ ಸುಳಿಯುವಂತಿಲ್ಲ. ಹಾಗಾಗಿ ಅಲ್ಲಿಗೆ ಜನ ಬರುತ್ತಿರಲಿಲ್ಲ. ಅಜ್ಜಿ ಮಗನಿಗೆ ನೀರು ಹುಯ್ದು ನೇರವಾಗಿ ಅಲ್ಲಿಗೆ ಕರೆತಂದಳು. ತಟ್ಟೆಗಳ ಹಿಂದೆ ಕೂತು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ನಾನು ಅವಳಿಗೆ ಕಾಣಲಿಲ್ಲ.

"ಕಾಲು ತೋರ್ಸೋ," ಅಂದಳು.

ಚಿಕ್ಕಪ್ಪ ಪಂಚೆ ಎತ್ತಿದ. ಬಲ ಮಂಡಿ ಊದಿಕೊಂಡು ಒಂದು ಕಡೆಗೆ ವಾಲಿತ್ತು.

"ಮಂಡಿ ಹೋಯ್ತಮ್ಮ. ಗಿರಣಿಯವರು ತಂಡದಿಂದ ಕೈಬಿಟ್ಟವ್ರೆ. ಮಗ್ಗದ ಹತ್ರ ನಿಲ್ಲು ಅಂದವ್ರೆ, ಅನ್ನಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಊರಿಗೆ ಗೊತ್ತಾದ್ರೆ ನಾನು ತಲೆ ಎತ್ಕೊಂಡು ತಿರುಗೋ ಹಂಗಿಲ್ಲ. ಭಾನುವಾರದೊಳಗೆ ಹೊರಟುಹೋಗ್ತೀನಿ."

"ಹೋದ್ರೆ ಹೆದರಿ ಓಡ್ದ ಅಂತಾರೆ. ಬರೀ ನಿಂತ್ಕೊ ಅಷ್ಟೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಸುಳ್ಳು ಹೇಳ್ಕೊಂಡು ಎಷ್ಟು ದಿನ ಅಮ್ಮ?"

"ನೀನು ರೈಲಿಗಿಂತ ಮುಂಚೆ ಓಡಿ ಬಂದೆ ಅಂತ ಊರೆಲ್ಲ ಸಾರ್ತಿದ್ದಾಗ ಇಲ್ಲ ಅಂದ್ಯೇನೋ? ಮೀಸೆ ತಿರುವ್ಕೊಂಡು ಕೂತಿದ್ದೆ."

ಅಷ್ಟರಲ್ಲಿ ನನಗೆ ಸೀನು ಬಂತು. ಅಜ್ಜಿ ತಟ್ಟೆ ಸರಿಸಿ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಅವಳು ನನ್ನನ್ನೇ ಒಂದು ಗಳಿಗೆ ಅಳೆದು, "ಸಾವಿತ್ರಮ್ಮಾ, ನೀನು ಒಳ್ಳೆ ಮಾತುಗಾತಿ ಅಲ್ಲವೇನಮ್ಮ?" ಅಂದಳು.

ಬೇಯಿಸಿದ ಹುಣಸೆ ಸೊಪ್ಪು, ಬಿಸಿ ಹರಳೆಣ್ಣೆ ಹಚ್ಚಿ, ತನ್ನ ಹಳೆಯ ಕೆಂಪು ಸೀರೆಯ ಸೆರಗು ಹರಿದು ಮಂಡಿಗೆ ಬಿಗಿಯಾಗಿ ಸುತ್ತಿದಳು. ಬಿಳಿ ಬಟ್ಟೆ ಇರಲಿಲ್ಲವೇನಜ್ಜಿ ಎಂದು ಕೇಳಿದೆ. "ಬಿಳೀದು ಕಟ್ಟಿದ್ರೆ ಗಾಯ ಅಂತಾರೆ," ಅಂದಳು.

ಮರುದಿನದಿಂದ ನನ್ನ ಕೆಲಸ ಶುರುವಾಯಿತು. ಆ ಕಾಲಿನಿಂದ ಚೆಂಡನ್ನು ಜೋರಾಗಿ ಒದೆಯಬಾರದೆಂದು ಬೆಂಗಳೂರಿನಲ್ಲಿ ದೊಡ್ಡವರೇ ಆರ್ಡರ್ ಮಾಡಿದ್ದಾರೆ, ಆ ಪಟ್ಟಿ ಬಿಗಿದಿರುವುದರಿಂದಲೇ ಎದುರಿನವರು ಬದುಕಿದ್ದಾರೆ, ಪಟ್ಟಿ ಬಿಚ್ಚಿದ ದಿನ ಗೋಲು ಕಾಯುವವನು ಚೆಂಡಿನ ಜೊತೆಗೇ ಬೇಲಿಯಾಚೆ ಬಿದ್ದಿದ್ದ ಎಂದೆಲ್ಲ ಬಾವಿಕಟ್ಟೆಯಲ್ಲಿ ಹೇಳಿದೆ. ಸಂಜೆಗೆ ಅದೇ ಕಥೆ ನನಗೇ ವಾಪಸು ಬಂತು. ಅಷ್ಟರಲ್ಲಿ ಗೋಲು ಕಾಯುವವನು ಸತ್ತೇಹೋಗಿದ್ದ. ಶನಿವಾರದ ಹೊತ್ತಿಗೆ ಅದು ಚಿಂತಾಮಣಿಯನ್ನೂ ಮುಟ್ಟಿತ್ತು.

ಭಾನುವಾರ ಕೆರೆ ಏರಿಯ ಮೇಲೆ ಜನವೋ ಜನ. ಗೋಲಿಗೆ ಕಂಬ ಇಲ್ಲವೆಂದು, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳನ್ನೇ ಎರಡೂ ಕಡೆ ನಿಲ್ಲಿಸಿದ್ದರು. ಚಿಕ್ಕಪ್ಪ ನಮ್ಮ ಗೋಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ನಿಂತದ್ದೇ ಸಾಕಾಯಿತು. ಚೆಂಡು ತಂದ ಚಿಂತಾಮಣಿಯವರು ಆ ಕೆಂಪು ಪಟ್ಟಿ ಕಂಡದ್ದೇ ತಡ, ಹಾವು ಕಂಡವರಂತೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಹಾಗಿದ್ದೂ ಒಂದು ಗೋಲು ಹೊಡೆದರು, ನಮ್ಮವರೂ ಒಂದು ಹೊಡೆದರು.

ಆಟ ಮುಗಿಯುವ ಹೊತ್ತಿಗೆ ಗ್ರಹಚಾರ ಕಾದಿತ್ತು. ಚಿಂತಾಮಣಿಯವನೊಬ್ಬ ತನ್ನ ಗೋಲಿನ ಎದುರೇ ಚೆಂಡಿಗೆ ಕೈ ತಗುಲಿಸಿದ. ಪೆನಾಲ್ಟಿ ಎಂದು ಸೀಟಿ ಆಯಿತು. "ಅಶ್ವತ್ಥಣ್ಣಾ! ಅಶ್ವತ್ಥಣ್ಣನೇ ಒದೀಲಿ!" ಎಂದು ಏರಿಗೆ ಏರಿಯೇ ಕೂಗಿತು. ಆ ಕಾಲೆತ್ತಿ ಬೀಸಿದರೆ ಅವನು ಎಲ್ಲರೆದುರು ಕುಸಿದು ಬೀಳುತ್ತಾನೆಂದು ಅಲ್ಲಿ ಗೊತ್ತಿದ್ದದ್ದು ಮೂವರಿಗೆ.

ಚಿಕ್ಕಪ್ಪ ಕುಂಟು ಕಾಣದ ಹಾಗೆ, ದೊರೆಯ ಗತ್ತಿನಲ್ಲಿ ನಿಧಾನವಾಗಿ ನಡೆದು ಹೋದ. ಚೆಂಡಿನ ಮುಂದೆ ನಿಂತು ಏರಿಯ ಕಡೆ ನೋಡಿದ. ಆಗ ನಮ್ಮಜ್ಜಿ, ಗಂಡಸರ ಗುಂಪಿನೆದುರು ಸೆರಗು ಜಾರಿಸದವಳು, ಅವರನ್ನೆಲ್ಲ ತಳ್ಳಿಕೊಂಡು ಕೆಳಗಿಳಿದು ಬಂದಳು.

"ಅಶ್ವತ್ಥಾ! ಪಟ್ಟಿ ಬಿಚ್ಚಬೇಡ ಕಣೋ! ಆ ಮಗೀನೂ ಒಬ್ಬ ತಾಯಿ ಹೆತ್ತವ್ಳೆ!"

ಗೋಲು ಕಾಯುತ್ತಿದ್ದ ದಪ್ಪ ಹುಡುಗನ ಮುಖ ಬಿಳಿಚಿತು. ನಾನೂ ಬಿಡಲಿಲ್ಲ. "ಮೆಲ್ಲಗೆ ಚಿಕ್ಕಪ್ಪಾ! ಬೆಂಗಳೂರಿನಲ್ಲಿ ಆಗಿದ್ದು ಸಾಕು!" ಎಂದು ಚೀರಿದೆ. ಚಿಕ್ಕಪ್ಪ ಬಲಗಾಲನ್ನು ಒಂದು ಗೇಣು ಎತ್ತಿದ. ಚಿಂತಾಮಣಿಯ ಹುಡುಗರೆಲ್ಲ ತೆಲುಗಿನಲ್ಲಿ, "ಒರೇ, ಪಕ್ಕಕಿ ರಾರಾ!" ಎಂದು ಬಾಯಿ ಬಡಿದುಕೊಂಡರು. ಆ ದಪ್ಪ ಹುಡುಗ ಗೋಲು ಬಿಟ್ಟು ಪಕ್ಕಕ್ಕೆ ಹಾರಿ ತಲೆಯ ಮೇಲೆ ಕೈ ಹೊತ್ತು ಕೂತ. ಚೆಂಡು ಉರುಳಿತು. ನಮ್ಮ ಮನೆಯ ಕೋಳಿ ಅದಕ್ಕಿಂತ ಬೇಗ ನಡೆಯುತ್ತಿತ್ತು. ಒಂದು ಹೆಂಟೆಗೆ ತಾಗಿ ನಿಂತೇಬಿಟ್ಟಿತು ಅನ್ನುವಾಗ ಹೊರಳಿ, ಚಂದ್ರಂಕಿಗಳ ನಡುವೆ ಒಳಗೆ ಹೋಯಿತು.

"ನೋಡಿದ್ರಾ, ಎಷ್ಟು ಅದುಮಿ ಒದ್ದ! ಶಕ್ತಿ ಇರೋನ್ಗೇ ಕರುಣೆ ಇರೋದು," ಎಂದು ಪಟೇಲರು ಕಣ್ಣೊರೆಸಿಕೊಂಡರು. ಆ ದಪ್ಪ ಹುಡುಗ ಬಂದು ಚಿಕ್ಕಪ್ಪನ ಕಾಲಿಗೆ ಬಿದ್ದು ಹೋದ.

ಮನೆಗೆ ಬಂದ ಮೇಲೆ ಹುಳುವಿನ ಕೋಣೆಯಲ್ಲಿ ನಾವು ಮೂವರೇ. ಹುಳುಗಳು ಚರಚರ ಸೊಪ್ಪು ಮೇಯುತ್ತಿದ್ದವು. ಅಜ್ಜಿ ಪಟ್ಟಿ ಬಿಚ್ಚುತ್ತಿದ್ದಳು. ಚಿಕ್ಕಪ್ಪ ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಇವತ್ತು ಚೆಂಡು ಒದ್ದಿದ್ದು ನಾನಲ್ಲಮ್ಮ."

"ಯಾರು ಒದ್ರೆ ಏನಪ್ಪ, ಒಳಗೆ ಹೋಯ್ತಲ್ಲ. ಕಾಲು ನೀಡು, ಎಣ್ಣೆ ಆರ್ತದೆ."

ಚಿಕ್ಕಪ್ಪ ಮತ್ತೆಂದೂ ಆಡಲಿಲ್ಲ. ಮಗ್ಗದ ಹತ್ತಿರ ನಿಂತೇ ಗಿರಣಿಯಿಂದ ನಿವೃತ್ತನಾದ. ಊರಿಗೆ ಬಂದಾಗಲೆಲ್ಲ ಅವನ ನಡಿಗೆ ನೋಡಿ ಜನ ಹೇಳುತ್ತಿದ್ದರು: "ಬಲ ಒಳಗೇ ಹಿಡಿದಿಟ್ಕೊಂಡವ್ನೆ, ಅದಕ್ಕೇ ಹಂಗೆ ಎಳೆದು ಹಾಕ್ತಾನೆ." ಸಾಯುವವರೆಗೂ ಅವನು ನಮ್ಮೂರಿನಲ್ಲಿ ಕುಂಟನಾಗಲಿಲ್ಲ.

ಈಗ ಮೊಮ್ಮಗನ ಪಕ್ಕ ಕೂತು ಟೀವಿಯಲ್ಲಿ ಫುಟ್ಬಾಲ್ ನೋಡುತ್ತೇನೆ. ಯಾರು ಎಷ್ಟು ವೇಗದಲ್ಲಿ ಓಡಿದರೆಂದು ಪರದೆಯ ಮೇಲೇ ಬರುತ್ತದೆ, ನನ್ನಂಥವಳಿಗೆ ಅಲ್ಲಿ ಕೆಲಸವಿಲ್ಲ. ಮೊನ್ನೆ ಒಬ್ಬ ಹುಡುಗ ಮಂಡಿ ಹಿಡಿದು ಬಿದ್ದ. ಅದೇ ಮಂಡಿಯನ್ನು ಹತ್ತು ಕಡೆಯಿಂದ, ನಿಧಾನವಾಗಿ, ಮತ್ತೆ ಮತ್ತೆ ತೋರಿಸಿದರು. ಯಾವ ನರ ಹರಿದಿದೆ, ಇನ್ನು ಆಡುತ್ತಾನೋ ಇಲ್ಲವೋ ಎಂಬುದನ್ನೆಲ್ಲ ಮೊಮ್ಮಗ ಫೋನಿನಲ್ಲಿ ಓದಿ ಹೇಳಿದ. ಟೀವಿಯಲ್ಲಿ, ಮೇಲೆ ಆಟ ನೋಡುವವರ ಗುಂಪಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಿದ್ದಳು. ಬಿದ್ದ ಹುಡುಗನ ತಾಯಿಯಂತೆ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗಿಹೋಗಿತ್ತು.